ಕರಿಹಾಯಿಯ ನಾವೆ ಮತ್ತು ಅದರ ಒಡನಾಡಿಗಳು: ನಾರ್ಫೋಕಿನ ವೆರ್ರಿಯ ಇತಿಹಾಸದಿಂದ ಒಂದು ಅಧ್ಯಾಯ

ಒಂದು ಕಸುಬು ಅಳಿದಮೇಲೆ ಅದರ ಉಪಕರಣಗಳು ವಸ್ತುಸಂಗ್ರಹಾಲಯವನ್ನು ಸೇರುತ್ತವೆ. ಅದರ ಲೆಕ್ಕಪತ್ರಗಳು, ಉಳಿದಿದ್ದ ಪಕ್ಷದಲ್ಲಿ, ದಫ್ತರಖಾನೆಯನ್ನು ಸೇರುತ್ತವೆ. ಆದರೆ ಆ ಉಪಕರಣವನ್ನು ಹಿಡಿದು ದುಡಿದ ಕೈಗಳ ಹೊಂದಾಣಿಕೆ, ಒಬ್ಬನ ಕೆಲಸಕ್ಕೆ ಇನ್ನೊಬ್ಬನು ಮಾತಿಲ್ಲದೆಯೇ ಒದಗಿಬರುತ್ತಿದ್ದ ಬಗೆ, ಎಲ್ಲಿ ಸೇರುತ್ತದೆ? ಆರ್ಥಿಕ ಇತಿಹಾಸವನ್ನು ಬರೆಯುವ ನಾವು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಇಂಗ್ಲೆಂಡಿನ ಪೂರ್ವತೀರದಲ್ಲಿ, ನಾರ್ಫೋಕ್ ಮತ್ತು ಸಫೋಕ್ ಪ್ರಾಂತಗಳ ನದಿಗಳಲ್ಲಿ ಸಂಚರಿಸುತ್ತಿದ್ದ ವೆರ್ರಿ ಎಂಬ ಮರದ ನಾವೆಯ ಕಥೆ ಇದನ್ನು ಕೇಳುವುದಕ್ಕೆ ತಕ್ಕ ಎಡೆಯೆಂದು ನಮಗೆ ತೋರುತ್ತದೆ. ಏಕೆಂದರೆ ಅಲ್ಲಿ ಕಸುಬು ಸತ್ತಿತು, ನಾವೆ ಉಳಿಯಿತು. ನಾವೆಯನ್ನು ಉಳಿಸಿದವರು ಆ ಕಸುಬಿನವರಲ್ಲ, ಅದನ್ನು ಪ್ರೀತಿಸಿದವರು.

ಮೊದಲು ಆ ನೀರಿನ ವಿಷಯ ಎರಡು ಮಾತು. ಯೇರ್, ಬ್ಯೂರ್, ವೇವ್ನಿ ಎಂಬ ಮೂರು ಮುಖ್ಯ ನದಿಗಳೂ ಆಂಟ್, ಥರ್ನ್ ಮೊದಲಾದ ಉಪನದಿಗಳೂ ಸಮತಟ್ಟಾದ ಜೌಗುನೆಲದ ಮೇಲೆ ಮಂದವಾಗಿ ಹರಿದು ಗ್ರೇಟ್ ಯಾರ್ಮತ್ ಎಂಬ ರೇವುಪಟ್ಟಣದ ಬಳಿ ಸಮುದ್ರವನ್ನು ಸೇರುತ್ತವೆ. ಈ ನದಿಗಳ ಮಗ್ಗುಲಿಗೆ ಹರಡಿಕೊಂಡಿರುವ ಆಳವಲ್ಲದ ಕೆರೆಗಳಿಗೆ ಬ್ರಾಡ್ಸ್ ಎಂದು ಹೆಸರು. ಇವು ನಿಸರ್ಗನಿರ್ಮಿತವೆಂದೇ ಬಹುಕಾಲ ವಿದ್ವಾಂಸರೂ ನಂಬಿದ್ದರು. ೧೯೫೦ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ ಕೆರೆಗಳ ತಳವನ್ನೂ ಅಂಚನ್ನೂ ಕೊರೆದು ಪರೀಕ್ಷಿಸಿ, ಆ ಅಂಚುಗಳು ಗೋಡೆಯಂತೆ ನೆಟ್ಟಗಿರುವುದನ್ನು ತೋರಿಸಿದರು. ಮಧ್ಯಯುಗದ ಜನ ಉರುವಲಿಗಾಗಿ ಪೀಟ್ ಎಂಬ ಸಸ್ಯಮಣ್ಣನ್ನು ಅಗೆದು ತೆಗೆದ ಹೊಂಡಗಳು ಮುಂದೆ ನೀರು ನುಗ್ಗಿ ಕೆರೆಗಳಾದುವೆಂಬುದು ೧೯೬೦ರ ವೇಳೆಗೆ ಸ್ಥಿರಪಟ್ಟಿತು. ಸಸ್ಯವಿಜ್ಞಾನಿಯ ಕೊರೆಗೋಲು ಇತಿಹಾಸಕಾರನ ಕಡತಕ್ಕಿಂತ ಮುಂದೆ ಹೋದ ಈ ಪ್ರಸಂಗವನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡುವುದು ಒಳ್ಳೆಯದು. ಪ್ರಕೃತಕ್ಕೆ ಬೇಕಾದುದಿಷ್ಟು: ನೀರು ತೆಳ್ಳಗೆ, ದಾರಿ ಡೊಂಕು, ಸೇತುವೆಗಳು ತಗ್ಗು, ದಡದಲ್ಲಿ ಮರ ಮತ್ತು ಜೊಂಡು. ಇಂಥ ನೀರಿಗೆ ಇಂಥದೇ ನಾವೆ ಬೇಕಾಯಿತು.

ವೆರ್ರಿಗೆ ಮೊದಲು ಈ ನದಿಗಳಲ್ಲಿ ಕೀಲ್ ಎಂಬ ನಾವೆ ಇತ್ತು. ಅದರ ನಡುವೆ ಕೂವೆಮರ, ಅದಕ್ಕೆ ಚೌಕದ ಹಾಯಿ. ಬೆನ್ನ ಹಿಂದಿನ ಗಾಳಿಗೆ ಅದು ಒಳ್ಳೆಯದು. ಎದುರುಗಾಳಿಗೆ ಕೆಲಸಕ್ಕೆ ಬಾರದು. ಹದಿನೆಂಟನೆಯ ಶತಮಾನ ಕಳೆದು ಹತ್ತೊಂಬತ್ತನೆಯದು ಬರುವಷ್ಟರಲ್ಲಿ ವೆರ್ರಿ ಅದನ್ನು ಹಿಂದೆ ಹಾಕಿತು. ವೆರ್ರಿಯ ಕೂವೆಮರ ಮುಂಭಾಗದಲ್ಲಿದೆ. ಅದಕ್ಕೆ ಒಂದೇ ದೊಡ್ಡ ಹಾಯಿ. ಮೇಲಂಚಿಗೆ ಓರೆಯಾದ ಗಳವುಂಟು, ಕೆಳಗೆ ಗಳವಿಲ್ಲ. ಪಕ್ಕದ ಬಿಗಿಹಗ್ಗಗಳಿಲ್ಲ, ಮುಂತುದಿಗೆ ಕಟ್ಟಿದ ಒಂದೇ ಹಗ್ಗ ಕೂವೆಮರವನ್ನು ನಿಲ್ಲಿಸುತ್ತದೆ. ಬಟ್ಟೆ ಕೊಳೆಯದಂತೆ ಹಾಯಿಗೆ ಟಾರು, ಮೀನೆಣ್ಣೆ, ಕಾಡಿಗೆಗಳ ಲೇಪ ಕೊಡುತ್ತಿದ್ದುದರಿಂದ ಅದು ಕಪ್ಪಾಯಿತು. ನಾವೆಯ ಮೂತಿಯ ಎರಡು ಕಡೆಗೂ ಬಳಿದ ಬಿಳಿಯ ಪಟ್ಟೆ ಮಬ್ಬುಗತ್ತಲೆಯಲ್ಲಿ ಎದುರಿನವರಿಗೆ ಕಾಣಲೆಂದು. ಗಾಳಿ ಬಿದ್ದುಹೋದಾಗ, ನಮ್ಮ ಅಂಬಿಗರು ಜಲ್ಲೆ ಹಾಕುವಂತೆಯೇ, ಉದ್ದನೆಯ ಗಳವನ್ನು ತಳಕ್ಕೆ ಊರಿ ಅದರ ತುದಿಯನ್ನು ಹೆಗಲಿಗೆ ಕೊಟ್ಟು, ನಾವೆಯ ಅಂಚಿನ ಹಲಗೆಯ ಮೇಲೆ ಮುಂದಿನಿಂದ ಹಿಂದಕ್ಕೆ ನಡೆದು ನಾವೆಯನ್ನು ತಳ್ಳುತ್ತಿದ್ದರು. ಹಿಂಬದಿಯ ಸಣ್ಣ ಕೋಣೆಯಲ್ಲಿ ಇಬ್ಬರು ಮಲಗುವಷ್ಟು ಜಾಗ, ಒಂದು ಕಲ್ಲಿದ್ದಲಿನ ಒಲೆ. ಉಳಿದುದೆಲ್ಲ ಸರಕಿಗೆ.

ಈ ನಾವೆಯ ಜೀವಾಳ ಕೂವೆಮರದ ಬುಡದಲ್ಲಿದೆ. ಬುಡಕ್ಕೆ ಸೀಸದ ಭಾರಿ ತೂಕವನ್ನು ಕಟ್ಟಿ, ಕೂವೆಮರವನ್ನು ಅಚ್ಚಿನ ಮೇಲೆ ಕೂರಿಸುತ್ತಾರೆ; ನಮ್ಮ ಏತದ ಹಿಂತುದಿಗೆ ಕಟ್ಟಿದ ಕಲ್ಲನ್ನು ನೆನೆದರೆ ತತ್ತ್ವ ತಾನೇ ತಿಳಿಯುತ್ತದೆ. ಸೇತುವೆ ಹತ್ತಿರವಾದಾಗ ರಾಟೆಯ ಬಳಿ ನಿಂತವನು ಹಾಯಿಯನ್ನು ಇಳಿಸಿ, ಮುಂದಿನ ಹಗ್ಗವನ್ನು ಸಡಿಲಿಸುತ್ತಾನೆ. ಮುಂಭಾಗದ ಹಲಗೆಬಾಗಿಲಿನ ಒಳಗಿಂದ ಸೀಸದ ಬುಡ ಮೇಲೇಳುತ್ತದೆ, ಕೂವೆಮರ ಹಿಂದಕ್ಕೆ ಮಲಗುತ್ತದೆ. ನಾವೆ ತನ್ನ ಹಿಂದಿನ ವೇಗದಿಂದಲೇ ಕಮಾನಿನ ಕೆಳಗೆ ಜಾರಿ ಆಚೆಗೆ ಹೊರಟೊಡನೆ ಕೂವೆಮರ ಮತ್ತೆ ಎದ್ದು ನಿಲ್ಲಬೇಕು, ಹಾಯಿ ಏರಬೇಕು. ಈ ಅಷ್ಟೂ ಹೊತ್ತು ಹಿಂದೆ ಚುಕ್ಕಾಣಿ ಹಿಡಿದವನಿಗೆ ಮುಂದಿನವನ ಕೈಕೆಲಸ ಸರಿಯಾಗಿ ಕಾಣುವುದಿಲ್ಲ; ಮುಂದಿನವನಿಗೆ ಹಿಂದಿನವನು ಎಷ್ಟು ವೇಗವನ್ನು ಉಳಿಸಿಕೊಂಡಿದ್ದಾನೆಂಬುದು ಪಾದದ ಕೆಳಗಿನ ಹಲಗೆಯಿಂದಲೇ ತಿಳಿಯಬೇಕು. ಒಬ್ಬನು ಅವಸರಪಟ್ಟು ಹಾಯಿಯನ್ನು ಬೇಗ ಇಳಿಸಿದರೆ ನಾವೆ ಕಮಾನಿನ ಕೆಳಗೆ ನಿಂತುಬಿಡುತ್ತದೆ. ತಡಮಾಡಿದರೆ ಕೂವೆಮರ ಕಲ್ಲಿಗೆ ಬಡಿಯುತ್ತದೆ. ಇಬ್ಬರ ನಡುವಿನ ಈ ನಂಬುಗೆಯೇ ನಮ್ಮ ಲೇಖನದ ವಿಷಯವಾದುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತೆವು, ವಾಚಕರು ಕ್ಷಮಿಸಬೇಕು.

ಇಬ್ಬರು ಎಂದೆವು. ಸಾಮಾನ್ಯವಾಗಿ ವೆರ್ರಿಯ ಸಿಬ್ಬಂದಿಯೆಲ್ಲ ಅಷ್ಟೇ: ಒಬ್ಬ ಯಜಮಾನ, ಒಬ್ಬ ಸಹಾಯಕ. ಸಹಾಯಕನು ಅನೇಕ ವೇಳೆ ಮಗನಾಗಿರುತ್ತಿದ್ದನು. ಕೆಲವು ನಾವೆಗಳಲ್ಲಿ ಹೆಂಡತಿಯೇ ಆ ಸ್ಥಾನದಲ್ಲಿದ್ದಳು. ಕಲ್ಲಿದ್ದಲು, ಧಾನ್ಯ, ಮಾಲ್ಟ್, ಮರ, ಇಟ್ಟಿಗೆ, ಚಾವಣಿಗೆ ಹೊದಿಸುವ ಜೊಂಡು, ಚಳಿಗಾಲದಲ್ಲಿ ಯಾರ್ಮತ್ತಿನ ಮೀನುಗಾರಿಕೆಗಾಗಿ ಕೆರೆಗಳಿಂದ ಒಡೆದು ತಂದ ಮಂಜುಗಡ್ಡೆ, ಇವೆಲ್ಲವನ್ನೂ ಈ ಇಬ್ಬರೇ ಸಾಗಿಸುತ್ತಿದ್ದರು. ಯಾರ್ಮತ್ತಿನ ಹಿಂದಿನ ಬ್ರೇಡನ್ ಎಂಬ ಉಬ್ಬರವಿಳಿತದ ನೀರಿನಲ್ಲಿ, ಕಂಬ ನೆಟ್ಟು ಗುರುತಿಸಿದ ಕಾಲುವೆಯನ್ನು ಬಿಟ್ಟು ಸ್ವಲ್ಪ ಸರಿದರೂ ನಾವೆ ಕೆಸರಿನಲ್ಲಿ ಕೂತು ಮುಂದಿನ ಉಬ್ಬರದವರೆಗೆ ಕಾಯಬೇಕು. ಇಂಥ ಬದುಕಿನಲ್ಲಿ ಒಡನಾಟ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಅದು ಎಂಥ ಒಡನಾಟ? ಅದರ ಬೇರು ರಕ್ತಸಂಬಂಧದಲ್ಲಿತ್ತು, ಕೂಲಿಯಲ್ಲಿತ್ತು, ಒಬ್ಬನ ಅಧಿಕಾರದಲ್ಲಿತ್ತು. ಸಹಾಯಕ ಹುಡುಗನಿಗೆ ನಾವೆಯ ಮೇಲೆ ಪ್ರೀತಿಯಿತ್ತೋ ಇಲ್ಲವೋ, ಬಿಟ್ಟುಹೋಗುವ ಸ್ವಾತಂತ್ರ್ಯ ಇರಲಿಲ್ಲ. ವೃದ್ಧ ನಾವಿಕರ ನೆನಪುಗಳನ್ನು ಬರೆದಿಟ್ಟುಕೊಳ್ಳುವ ಕೆಲಸ ಬಹುಮಟ್ಟಿಗೆ ಕಸುಬು ಮುಗಿದಮೇಲೆ ನಡೆಯಿತೆಂಬುದನ್ನೂ ಮರೆಯಬಾರದು. ಮುಗಿದುಹೋದ ಕಷ್ಟ ಹೇಳುವಾಗ ಸಿಹಿಯಾಗಿರುತ್ತದೆ. ಕೇಳುವವನು ಆ ಸಿಹಿಯನ್ನೇ ಪ್ರಮಾಣವೆಂದು ತಿಳಿದರೆ ಇತಿಹಾಸ ಕೆಡುತ್ತದೆ.

೧೮೪೪ರಲ್ಲಿ ಯಾರ್ಮತ್ತಿಗೂ ನಾರ್ವಿಚ್ ನಗರಕ್ಕೂ ನಡುವೆ ರೈಲುಮಾರ್ಗ ತೆರೆಯಿತು. ಅಲ್ಲಿಂದಾಚೆಗೆ ನದಿಯ ವ್ಯಾಪಾರ ಇಳಿಮುಖವಾಯಿತೆಂದು ಸಂಕ್ಷೇಪವಾಗಿ ಹೇಳುವುದು ವಾಡಿಕೆ. ವಸ್ತುಸ್ಥಿತಿ ಅಷ್ಟು ಸರಳವಲ್ಲ. ರೀಡಮ್ ಗ್ರಾಮದ ಬಳಿ ರೈಲುಸೇತುವೆಯನ್ನು ತಿರುಗುವಂತೆ ಕಟ್ಟಬೇಕಾಯಿತು. ಅಂದರೆ ಕರಿಹಾಯಿಗೆ ಕಬ್ಬಿಣದ ದಾರಿ ಸರಿದು ಎಡೆಗೊಡಬೇಕಾಗಿತ್ತು. ರೈಲು ಬಂದು ಅರ್ಧ ಶತಮಾನ ಕಳೆದ ಮೇಲೂ ಹೊಸ ವೆರ್ರಿಗಳು ನೀರಿಗಿಳಿಯುತ್ತಿದ್ದುವು. ಸರಕಿನ ಕೊನೆಯ ವೆರ್ರಿಯಾದ ಎಲ್ಲಾ ಎಂಬುದನ್ನು ಕೋಲ್ಟಿಷಲ್ ಗ್ರಾಮದಲ್ಲಿ ೧೯೧೨ರಲ್ಲಿ ಕಟ್ಟಿದರು. ರೈಲು ಬಗ್ಗಿಸಿದುದನ್ನು ಮುರಿದದ್ದು ಮುಖ್ಯವಾಗಿ ಲಾರಿ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಒಂದೊಂದಾಗಿ ಹಾಯಿಗಳು ಇಳಿದುವು. ಕೆಲವು ನಾವೆಗಳಿಗೆ ಯಂತ್ರ ಕೂಡಿಸಿದರು. ಕೆಲವುಗಳ ಕೂವೆಮರವನ್ನು ಕಿತ್ತು, ಇನ್ನೊಂದು ದೋಣಿಯಿಂದ ಎಳೆಸಿಕೊಳ್ಳುವ ಬರಿಯ ತೊಟ್ಟಿಗಳನ್ನಾಗಿ ಮಾಡಿದರು. ಹಲವನ್ನು ದಡದ ಮಣ್ಣು ಕುಸಿಯದಂತೆ ತಡೆಯಲು ನೀರಿನಲ್ಲಿ ಮುಳುಗಿಸಿದರು.

ಈ ನಡುವೆ ವಿನೋದಯಾತ್ರಿಕರು ಬಂದಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೇಸಗೆಯ ದಿನಗಳಿಗಾಗಿ ಸರಕಿನ ಕೋಣೆಯನ್ನು ತೊಳೆದು, ಮಂಚ ಹಾಕಿ, ನಾವೆಯನ್ನು ಬಾಡಿಗೆಗೆ ಕೊಡುವ ಪದ್ಧತಿ ಹುಟ್ಟಿತು. ಅನಂತರ ಅದಕ್ಕಾಗಿಯೇ ನಾವೆಗಳನ್ನು ಕಟ್ಟಿದರು. ಸಾಸಿವೆಯ ವ್ಯಾಪಾರದಿಂದ ಹೆಸರಾದ ಕೋಲ್ಮನ್ ಮನೆತನದ ಇಬ್ಬರು ಸೋದರಿಯರು ೧೯೦೫ರಲ್ಲಿ ಕಟ್ಟಿಸಿದ ಹಾಥೋರ್ ಎಂಬ ನಾವೆಯ ಒಳಭಾಗವೆಲ್ಲ ಈಜಿಪ್ಟಿನ ಚಿತ್ರಾಲಂಕಾರ. ಈಜಿಪ್ಟಿನಲ್ಲಿ ತೀರಿಕೊಂಡ ತಮ್ಮ ಸೋದರನು ನೈಲ್ ನದಿಯಲ್ಲಿ ಪಯಣಿಸಿದ ದೋಣಿಯ ಹೆಸರನ್ನೇ ಅವರು ಇದಕ್ಕೆ ಇಟ್ಟರು. ಶೋಕದಿಂದ ಹುಟ್ಟಿದ ವಿನೋದನೌಕೆ ಇದೊಂದೇ ಇರಬಹುದೇನೋ. ಅಲ್ಲಿ ಯಾತ್ರಿಕರು ಯಾತ್ರಿಕರು, ನಾವಿಕರು ನಾವಿಕರು. ಇಬ್ಬರೂ ಒಂದೇ ಹಗ್ಗವನ್ನು ಹಿಡಿಯುವ ಪ್ರಸಂಗವಿರಲಿಲ್ಲ.

ಆ ಭೇದವನ್ನು ಅಳಿಸಿದುದು ೧೯೪೯. ಆ ವರ್ಷ, ಕರಿಹಾಯಿಯ ಒಂದು ನಾವೆಯಾದರೂ ನೀರಿನ ಮೇಲೆ ಉಳಿಯಬೇಕೆಂದು ಬಯಸಿದ ಕೆಲವರು ನಾರ್ಫೋಕ್ ವೆರ್ರಿ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರಿಗೆ ದೊರೆತದ್ದು ಆಲ್ಬಿಯನ್. ವೇವ್ನಿ ನದಿಯ ದಂಡೆಯ ಬಂಗೀ ಪಟ್ಟಣದ ಮಾಲ್ಟ್ ವರ್ತಕರಿಗಾಗಿ ೧೮೯೮ರಲ್ಲಿ ಔಲ್ಟನ್ ಬ್ರಾಡ್ ಎಂಬಲ್ಲಿ ಕಟ್ಟಿದ ಈ ನಾವೆ ಸುಮಾರು ೪೦ ಟನ್ ಸರಕನ್ನು ಹೊರಬಲ್ಲುದಾಗಿತ್ತು. ೧೯೪೯ರ ಹೊತ್ತಿಗೆ ಕೂವೆಮರವನ್ನೂ ಹಾಯಿಯನ್ನೂ ಕಳೆದುಕೊಂಡು ತೊಟ್ಟಿಯಾಗಿತ್ತು. ಒಂದು ವಿಪರ್ಯಾಸವನ್ನು ಇಲ್ಲಿ ಹೇಳಬೇಕು. ವೆರ್ರಿಗಳ ಒಡಲನ್ನು ಹಲಗೆಯ ಮೇಲೆ ಹಲಗೆ ಅಂಚು ಹತ್ತಿಸಿ ಕಟ್ಟುವುದು ರೂಢಿ. ಆಲ್ಬಿಯನ್ನಿನದು ಮಾತ್ರ ಹಲಗೆಗೆ ಹಲಗೆ ಎದುರೊತ್ತಿ ನಯವಾಗಿ ಕಟ್ಟಿದ ಒಡಲು. ಇಡೀ ಕುಲದ ಪ್ರತಿನಿಧಿಯಾಗಿ ಉಳಿದದ್ದು ಆ ಕುಲದ ಲಕ್ಷಣಕ್ಕೆ ಹೊರತಾದ ನಾವೆ. ಉಳಿವು ಯೋಗ್ಯತೆಯನ್ನು ನೋಡಿ ಬರುವುದಿಲ್ಲವೆಂಬುದು ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಬಲ್ಲ ನಮ್ಮ ವಾಚಕರಿಗೆ ಹೊಸದಲ್ಲ.

ಟ್ರಸ್ಟಿನ ಮೊದಲ ಆಶಯ ನಾವೆಯನ್ನು ತೂಗುಹಾಕಿ ತೋರಿಸುವುದಲ್ಲ, ದುಡಿಸುವುದು. ಹೊಸ ಹಾಯಿ ಏರಿತು. ಕಸುಬನ್ನು ಬಲ್ಲ ಹಳೆಯ ನಾವಿಕರ ಕೈಗೆ ಚುಕ್ಕಾಣಿ ಕೊಟ್ಟು ಸರಕು ಸಾಗಿಸಿದರು. ಲಾರಿಯ ಬಾಡಿಗೆಯ ಎದುರಿಗೆ ಅದು ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿಯೇ ಸರಕನ್ನು ಬಿಟ್ಟು ಜನರನ್ನು ಹತ್ತಿಸಿಕೊಳ್ಳಬೇಕಾಯಿತು. ಲೆಕ್ಕದ ದೃಷ್ಟಿಯಿಂದ ಇದು ಸೋಲು. ನಮ್ಮ ದೃಷ್ಟಿಯಿಂದ ಆ ಕೆಲವು ವರ್ಷಗಳೇ ಎಲ್ಲಕ್ಕಿಂತ ಮುಖ್ಯವಾದುವು. ಹೊಟ್ಟೆಪಾಡಿಗಾಗಿ ಕಲಿತವನೂ ಇಷ್ಟಕ್ಕಾಗಿ ಕಲಿಯುವವನೂ ಒಂದೇ ಹಲಗೆಯ ಮೇಲೆ ನಿಂತದ್ದು ಆಗ. ಹತ್ತಿಪ್ಪತ್ತು ವರ್ಷ ತಡವಾಗಿದ್ದರೆ ನಾವೆ ದೊರೆಯುತ್ತಿತ್ತು, ಕಲಿಸುವವನು ದೊರೆಯುತ್ತಿರಲಿಲ್ಲ. ಸೇತುವೆಯ ಮುಂದೆ ಹಾಯಿಯನ್ನು ಯಾವ ಕ್ಷಣದಲ್ಲಿ ಇಳಿಸಬೇಕೆಂಬುದನ್ನು ಯಾವ ಪುಸ್ತಕದಿಂದಲೂ ಕಲಿಯಲಾಗದು. ರಾಯ್ ಕ್ಲಾರ್ಕ್ ವೆರ್ರಿಗಳನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದ್ದು ೧೯೬೧ರಲ್ಲಿ, ಅಂದರೆ ಕೈಯಿಂದ ಕೈಗೆ ವಿದ್ಯೆ ದಾಟಿದ ಮೇಲೆ.

ಇಂದು ಆಲ್ಬಿಯನ್ ಲಡಮ್ ಗ್ರಾಮದ ಬಳಿಯ ವೊಮ್ಯಾಕ್ ನೀರಿನಲ್ಲಿ ತಂಗುತ್ತದೆ. ಅದನ್ನು ನಡೆಸುವ ಯಜಮಾನರೂ ಸಹಾಯಕರೂ ಸಂಬಳವಿಲ್ಲದ ಸ್ವಯಂಸೇವಕರು. ಬಾಡಿಗೆಗೆ ಪಡೆದ ಹನ್ನೆರಡು ಮಂದಿ ಯಾತ್ರಿಕರೂ ಇಷ್ಟವಿದ್ದರೆ ರಾಟೆಗೆ ಕೈಹಾಕಬಹುದು. ಬೇಸಗೆಯ ಈ ಪಯಣಗಳು ಹೊರಗಿನವರಿಗೆ ಕಾಣುವಂಥವು. ಗೆಳೆತನ ಬೆಳೆಯುವುದು ಅಲ್ಲಲ್ಲವೆಂದು ನಮ್ಮ ಊಹೆ. ಚಳಿಗಾಲದಲ್ಲಿ ತಳದ ನೀರನ್ನು ಎತ್ತಿಹಾಕುವುದು, ಹಲಗೆಯ ಸಂದುಗಳಿಗೆ ನಾರು ತುರುಕುವುದು, ಹಳೆಯ ಬಣ್ಣವನ್ನು ಕೆರೆದು ಹೊಸದನ್ನು ಬಳಿಯುವುದು, ಇವು ಒಬ್ಬನಿಂದ ಆಗದ, ಯಾರೂ ಕೂಲಿ ಕೊಡದ, ಕೈಗೆ ಮಸಿ ಹತ್ತುವ ಕೆಲಸಗಳು. ಮೇಷ್ಟರೂ ಬಡಗಿಯೂ ನಿವೃತ್ತ ಗುಮಾಸ್ತರೂ ಈ ಮಸಿಯಲ್ಲಿ ಸಮಾನರು. ಹಳೆಯ ವೆರ್ರಿಯಲ್ಲಿ ಮಗನು ಅಪ್ಪನ ಗದರಿಕೆಯಿಂದ ಕಲಿತದ್ದನ್ನು ಇಲ್ಲಿ ಒಬ್ಬ ನೆರೆಯವನು ಇನ್ನೊಬ್ಬ ನೆರೆಯವನಿಂದ ಕಲಿಯುತ್ತಾನೆ. ಬೇಡವಾದರೆ ಮರುವಾರ ಬಾರದೆ ಇರಬಹುದು. ಬಾರದೆ ಇರಬಹುದಾದವನು ಬರುತ್ತಾನೆಂಬುದರಲ್ಲಿಯೇ ಈ ಒಡನಾಟ ಹಳೆಯದಕ್ಕಿಂತ ಬೇರೆ. ಹಳೆಯ ನಾವಿಕರ ಬಾಳನ್ನು ಈ ಸ್ವಯಂಸೇವಕರ ಸೌಹಾರ್ದದಿಂದ ಅಳೆಯುವುದು ತಪ್ಪು. ಇವರದು ಬರಿಯ ಹವ್ಯಾಸವೆಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಸೇತುವೆಯ ಕಲ್ಲು ಇಬ್ಬರಿಗೂ ಒಂದೇ ಗಟ್ಟಿ.

ಎರಡನೆಯ ಉದಾಹರಣೆ ಮಾಡ್ ಎಂಬ ನಾವೆಯದು. ೧೮೯೯ರಲ್ಲಿ ರೀಡಮ್ಮಿನಲ್ಲಿ, ಅಂಚು ಹತ್ತಿಸುವ ರೂಢಿಯ ರೀತಿಯಲ್ಲಿಯೇ ಕಟ್ಟಿದ ಇದನ್ನು ೧೯೬೦ರ ದಶಕದಲ್ಲಿ ರಾನ್‌ವರ್ತ್ ಕೆರೆಯಲ್ಲಿ ದಂಡೆಯ ರಕ್ಷಣೆಗಾಗಿ ಮುಳುಗಿಸಿದ್ದರು. ೧೯೮೧ರಲ್ಲಿ ಅದನ್ನು ಕೆಸರಿನಿಂದ ಮೇಲೆತ್ತಲಾಯಿತು. ಒಬ್ಬ ದಂಪತಿ ಸ್ನೇಹಿತರ ನೆರವಿನಿಂದ ಅದನ್ನು ಹಲಗೆ ಹಲಗೆಯಾಗಿ ಮತ್ತೆ ಕಟ್ಟಿ, ಹದಿನೆಂಟು ವರ್ಷಗಳ ಮೇಲೆ, ೧೯೯೯ರಲ್ಲಿ, ನಾವೆಯ ನೂರನೆಯ ವರ್ಷದಲ್ಲಿ ಹಾಯಿ ಏರಿಸಿದರು.

ಹಲಗೆ ಹಲಗೆಯೂ ಬದಲಾದಮೇಲೆ ಅದು ಅದೇ ನಾವೆಯೇ ಎಂದು ಕೇಳುವವರಿದ್ದಾರೆ. ನಮ್ಮ ಊರುಗಳ ತೇರಿನ ಗಾಲಿ ಹೊಸದು, ಅಚ್ಚು ಹೊಸದು, ಮಿಣಿ ಪ್ರತಿ ವರ್ಷವೂ ಹೊಸದು. ತೇರು ಯಾವುದೆಂದು ಎಳೆಯುವವರು ಯಾರೂ ಕೇಳುವುದಿಲ್ಲ. ಮಾಡ್ ಇಂದು ಆಲ್ಬಿಯನ್ನಿನ ಜೊತೆಗೆ ಉಳಿದಿದೆ, ಮತ್ತು ಎರಡಕ್ಕೂ ಸಾಕಾಗುವಷ್ಟು ಕೈಗಳನ್ನು ಪ್ರತಿ ಚಳಿಗಾಲವೂ ಹೊಸದಾಗಿ ಕೂಡಿಸಿಕೊಳ್ಳಬೇಕಾಗಿದೆ.