ಮುಳ್ಳು ತಡೆಯದ ಪೆಟ್ಟು

1739ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ಗುಲಾಮರು ಡೋಲು ಬಡಿಯುತ್ತಲೇ ದಂಗೆಯೆದ್ದರು. ಮರುವರ್ಷವೇ ಒಡೆಯರು ಕಾನೂನು ಮಾಡಿ ಅವರ ಕೈಯಿಂದ ಡೋಲು ಕಿತ್ತುಕೊಂಡರು.

ಗುಲಾಮಗಿರಿ ರದ್ದಾದ 33 ವರ್ಷಕ್ಕೆ, 1898ರಲ್ಲಿ, ನ್ಯೂ ಆರ್ಲಿಯನ್ಸ್‌ನ ಕರಿಯರ ಮನೆಯಲ್ಲಿ ವಾರನ್ ಡಾಡ್ಸ್ ಹುಟ್ಟಿದ. ಎಲ್ಲರೂ ಕರೆದದ್ದು ಬೇಬಿ ಅಂತ. ಡ್ರಮ್ ಕೊಳ್ಳೋಕೆ ಕಾಸೆಲ್ಲಿ? ಹಂದಿಕೊಬ್ಬಿನ ಡಬ್ಬಕ್ಕೆ ತೂತು ಹೊಡೆದ. ಅವ್ವನ ಕುರ್ಚಿಯ ಅಡ್ಡಕೋಲು ಕಿತ್ತು ಬಡಿದ.

1923ರಲ್ಲಿ ಕಿಂಗ್ ಆಲಿವರ್‌ನ ಜಾಝ್ ತಂಡದ ಜೊತೆ ಇಂಡಿಯಾನಾದ ರಿಚ್ಮಂಡ್‌ಗೆ ರೆಕಾರ್ಡು ಮಾಡಲು ಹೋದ. ಆಗ ಮೈಕಿಲ್ಲ. ದೊಡ್ಡ ಕೊಂಬಿನ ಮುಂದೆ ನುಡಿಸಬೇಕು, ಮುಳ್ಳು ಮೇಣದ ಮೇಲೆ ಗೀರಬೇಕು. ದೊಡ್ಡ ಡ್ರಮ್ ಬಡಿದರೆ ಮುಳ್ಳೇ ಎಗರಿಬೀಳುತ್ತೆ! ಹಾಗಾಗಿ ಆ ತಟ್ಟೆಗಳಲ್ಲಿ ಬೇಬಿಗೆ ಉಳಿದದ್ದು ಹೆಚ್ಚಾಗಿ ಮರದ ತುಂಡಿನ ಟಕಟಕ.

ಅದನ್ನು ಕೇಳಿ, ಅವನು ಬಾರಿಸಿದ್ದೇ ಇಷ್ಟು ಅಂದುಕೊಂಡರೆ ನಾವು ಮೋಸ ಹೋಗುತ್ತೇವೆ. 1946ರಲ್ಲಿ ಬೇಬಿ ಒಬ್ಬನೇ ಕೂತು ಇಡೀ ಡ್ರಮ್ ಮಾತಾಡಿಸಿದ. ಆ ಹೊತ್ತಿಗೆ ಮೈಕು ಬಂದಿತ್ತು, ತಡೆದುಕೊಂಡಿತು. 1959ರಲ್ಲಿ ತೀರಿಕೊಂಡ.

ಗೆಳೆಯರೇ, ದಾಖಲೆಯಲ್ಲಿ ಇಲ್ಲದವರು ಚರಿತ್ರೆಯಲ್ಲೇ ಇರಲಿಲ್ಲ ಅನ್ನೋರನ್ನು ನಾವು ಕೇಳಲೇಬೇಕು: ಬರೆದ ಮುಳ್ಳು ಯಾರ ಪೆಟ್ಟನ್ನು ತಡೆಯದೆ ಹೋಯಿತು?