ಚಿತ್ರಕಲೆ ಮತ್ತು ವೈದ್ಯ ವಿದ್ಯಾರ್ಥಿಗಳ ವೀಕ್ಷಣಾ ತರಬೇತಿ

ಕಲಾಕೃತಿಗಳನ್ನು ಎದುರಿಗಿಟ್ಟು ವೈದ್ಯ ವಿದ್ಯಾರ್ಥಿಗಳಿಗೆ ನೋಡುವುದನ್ನು ಕಲಿಸುವ ಕ್ರಮ. ಕಣ್ಣಿನಿಂದ ರೋಗಿಯನ್ನು ಪರೀಕ್ಷಿಸುವುದು ಹೊಸದೇನಲ್ಲ. ಆಯುರ್ವೇದದ ದರ್ಶನ, ಸ್ಪರ್ಶನ, ಪ್ರಶ್ನಗಳಲ್ಲಿ ದರ್ಶನಕ್ಕೇ ಮೊದಲ ಸ್ಥಾನ. ಎಕ್ಸ್‌ರೇ, ಸ್ಕ್ಯಾನಿಂಗ್, ರಕ್ತಪರೀಕ್ಷೆಗಳು ಕೈಗೆಟುಕಿದಂತೆ ಮಂಚದ ಪಕ್ಕ ನಿಂತು ನಿಧಾನವಾಗಿ ನೋಡುವ ರೂಢಿ ತಗ್ಗಿತು. ಅದನ್ನು ಮರಳಿ ಬೆಳೆಸಲು ಚಿತ್ರಶಾಲೆಯ ನೆರವು ಪಡೆಯುವ ಪ್ರಯತ್ನಗಳು 20ನೇ ಶತಮಾನದ ಕೊನೆಗೆ ಸ್ಪಷ್ಟ ರೂಪ ಪಡೆದವು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮರೋಗ ತಜ್ಞ ಇರ್ವಿನ್ ಬ್ರೇವರ್‌ಮನ್ ಮತ್ತು ಅಲ್ಲಿನ ಬ್ರಿಟಿಷ್ ಕಲಾ ಕೇಂದ್ರದ ಲಿಂಡಾ ಫ್ರೀಡ್‌ಲ್ಯಾಂಡರ್ 1990ರ ದಶಕದ ಕೊನೆಯಲ್ಲಿ ಇದಕ್ಕೊಂದು ಪಾಠಕ್ರಮ ಕಟ್ಟಿದರು. ಅವರು ಬಳಸಿದ ಚಿತ್ರಗಳಲ್ಲಿ ಹೆನ್ರಿ ವಾಲಿಸ್‌ನ ‘ಚಾಟರ್ಟನ್‌ನ ಸಾವು’ ಒಂದು. ಕಿಟಕಿಯ ಕೆಳಗಿನ ಮಂಚದಲ್ಲಿ ಯುವಕನೊಬ್ಬ ಒರಗಿದ್ದಾನೆ; ಒಂದು ತೋಳು ನೆಲದತ್ತ ಜೋತುಬಿದ್ದಿದೆ. ನಿದ್ದೆ ಹೋಗಿದ್ದಾನೆ ಎಂದುಬಿಡುವುದು ಸುಲಭ. ಹಾಗೆ ಹೇಳುವ ಮೊದಲು ಮೈಯ ಬಿಳಿಚಿದ ಬಣ್ಣ, ನೆಲದ ಮೇಲಿನ ಸೀಸೆ, ಹರಿದ ಕಾಗದದ ಚೂರುಗಳನ್ನು ವಿದ್ಯಾರ್ಥಿ ಒಂದೊಂದಾಗಿ ವರ್ಣಿಸಬೇಕು. ಕಂಡದ್ದೆಲ್ಲ ಮುಗಿದ ಮೇಲಷ್ಟೇ ಊಹೆಗೆ ಅವಕಾಶ. ಈ ಪದ್ಧತಿಯ ಜೀವಾಳ ಇರುವುದೇ ಇಲ್ಲಿ. ಹೀಗೆ ಕಲಿತವರು ರೋಗಿಗಳ ಛಾಯಾಚಿತ್ರಗಳನ್ನೂ ಉಳಿದವರಿಗಿಂತ ಚೆನ್ನಾಗಿ ವಿವರಿಸಿದರೆಂಬ ವರದಿ 2001ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಮುಂದೆ ಹಾರ್ವರ್ಡ್ ಮುಂತಾದ ಕಡೆ ಇದೇ ಬಗೆಯ ತರಗತಿಗಳು ನಡೆದವು.

ಕನ್ನಡನಾಡಿನ ಸಂಸ್ಥೆಯೊಂದರ ನಂಟು ಇದಕ್ಕೆ ಒದಗಿದ್ದು ನೇಪಾಳದಲ್ಲಿ. ಪೋಖರಾದ ಮಣಿಪಾಲ ವೈದ್ಯಕೀಯ ಕಾಲೇಜಿನಲ್ಲಿ ಪಿ. ರವಿಶಂಕರ್ 2007ರಲ್ಲಿ ಆರಂಭಿಸಿದ ಐಚ್ಛಿಕ ವೈದ್ಯಕೀಯ ಮಾನವಿಕ ತರಗತಿಗಳಲ್ಲಿ ಸಾಹಿತ್ಯ, ಪಾತ್ರಾಭಿನಯಗಳ ಜೊತೆಗೆ ವರ್ಣಚಿತ್ರಗಳೂ ಇದ್ದವು. ಭಾರತದಲ್ಲಿ ವೈದ್ಯಕೀಯ ಪರಿಷತ್ತು ಮನೋಧರ್ಮ, ನೀತಿ, ಸಂವಹನಗಳ ಪಠ್ಯವನ್ನು 2018ರಲ್ಲಿ ಹೊರತಂದಿತು. 2019ರ ಎಂಬಿಬಿಎಸ್ ತಂಡದಿಂದ ಅದನ್ನು ಒಳಗೊಂಡ ಹೊಸ ಪಠ್ಯಕ್ರಮ ಜಾರಿಗೆ ಬಂತು. 

ಕರ್ನಾಟಕದ ಕರಾವಳಿಯಲ್ಲಿ ಇಂಥ ಪಾಠಕ್ಕೆ ಬೇಕಾದ ಸಾಮಗ್ರಿ ಹೇರಳ. ಉತ್ತರ ಕನ್ನಡದಿಂದ ಗೋವಾದಾಚೆಗೂ ಹಬ್ಬಿರುವ ದೇವಾಲಯಗಳ ಕಾವಿ ಕಲೆಯಲ್ಲಿ ಸುಣ್ಣದ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದನ್ನು ಮೊನೆಯಿಂದ ಕೆರೆದು ಚಿತ್ರ ಮೂಡಿಸುತ್ತಾರೆ. ಹೊನ್ನಾವರದ ವಿಜ್ಞಾನಿ, ಲೇಖಕ ಕೃಷ್ಣಾನಂದ ಕಾಮತ್ ಈ ಕಲೆಯನ್ನು ಶ್ರದ್ಧೆಯಿಂದ ದಾಖಲಿಸಿದರು. ರೇಖೆ, ಭಂಗಿ, ಎಡಬಲದ ಸಮತೋಲ ಗಮನಿಸಲು ಕಾವಿ ಚಿತ್ರ ಒಳ್ಳೆಯದು. ಇರುವುದು ಎರಡೇ ಬಣ್ಣವಾದ್ದರಿಂದ ಮೈಬಣ್ಣದ ಪಾಠಕ್ಕೆ ಮಾತ್ರ ಸಾಲದು. ಬಿಳಿಯರ ಚಿತ್ರಗಳಷ್ಟನ್ನೇ ನಂಬಿದರೂ ಕೊರತೆ ಉಳಿಯುತ್ತದೆ: ಕಪ್ಪು ಚರ್ಮದಲ್ಲಿ ಉರಿಯೂತ ಕೆಂಪಗೆ ಕಾಣದೆ ಕಂದು, ನೇರಳೆಗೆ ತಿರುಗಬಹುದು, ರಕ್ತಹೀನತೆಗೆ ಕೆಳರೆಪ್ಪೆಯ ಒಳಬದಿಯನ್ನೂ ಕಾಮಾಲೆಗೆ ಕಣ್ಣಿನ ಬಿಳಿಭಾಗವನ್ನೂ ಹಗಲ ಬೆಳಕಿನಲ್ಲಿ ನೋಡಬೇಕು. ಅಂಕೋಲೆಯ ಹಾಲಕ್ಕಿ ಸಮುದಾಯದ ಹೆಂಗಸಿನ ಭಾವಚಿತ್ರ ಇಟ್ಟರೆ ಕಣ್ಣು ಮೊದಲು ಹೋಗುವುದು ಕೊರಳು ತುಂಬಿದ ಮಣಿಸರಗಳಿಗೆ. ಆ ಸರಗಳ ಮರೆಯಲ್ಲಿರುವ ಕುತ್ತಿಗೆಯನ್ನು ತಾನಿನ್ನೂ ನೋಡಿಲ್ಲ ಎಂಬುದು ವಿದ್ಯಾರ್ಥಿಗೆ ಅಲ್ಲಿಯೇ ಹೊಳೆಯಬೇಕು.

ಇಂಥ ತರಬೇತಿಯ ಫಲವನ್ನು ಅಳೆದ ಪೆನ್ಸಿಲ್ವೇನಿಯಾದ 2018ರ ಅಧ್ಯಯನವೊಂದರಲ್ಲಿ ಇದ್ದವರು 36 ವಿದ್ಯಾರ್ಥಿಗಳು. ಅವರಲ್ಲಿ ಅರ್ಧದಷ್ಟು ಮಂದಿಗೆ ಆರು ಕಲಾ ತರಗತಿಗಳು ನಡೆದವು. ಮುಖ ಮತ್ತು ಅಕ್ಷಿಪಟಲದ ಚಿತ್ರಗಳನ್ನು ವಿವರಿಸುವುದರಲ್ಲಿ ಅವರು ಮುಂದಾದರು. ಈ ಕ್ಷೇತ್ರದ ಹೆಚ್ಚಿನ ಅಧ್ಯಯನಗಳು ಹೀಗೆ ಚಿಕ್ಕವು, ತರಬೇತಿ ಮುಗಿದ ಕೂಡಲೇ ಅಳೆದವು. ವಾರ್ಡಿನ ಗಡಿಬಿಡಿಯಲ್ಲಿ ಈ ಕಲಿಕೆ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಪರೀಕ್ಷಿಸಲು ದೀರ್ಘಾವಧಿಯ ಅಧ್ಯಯನಗಳು ಬೇಕು.