ತೋಸಾದ ನೀಳಬಾಲದ ಹುಂಜ: ತಳಿ ಸಾಕಣೆಯ ಜಾನಪದ ಜ್ಞಾನ

ಜನಪದ ಸಂಸ್ಕೃತಿಯ ಅಧ್ಯಯನದಲ್ಲಿ ಸಾಕುಪ್ರಾಣಿಗಳ ಪ್ರಸ್ತಾಪ ಹೊಸದಲ್ಲ. ಹರಕೆಯ ಕೋಳಿ, ಅಂಕದ ಕೋಳಿ, ಗಾದೆಯ ಕೋಳಿ, ಕಥೆಯ ಕೋಳಿ ಹೀಗೆ ಹಲವು ನೆಲೆಗಳಲ್ಲಿ ವಿದ್ವಾಂಸರು ಈ ಪಕ್ಷಿಯನ್ನು ಗಮನಿಸಿದ್ದಾರೆ. ಆದರೆ ಪ್ರಾಣಿಯ ರೂಪವನ್ನೇ ತಲೆಮಾರುಗಳ ಕಾಲ ತಿದ್ದಿ ತೀಡಿದ ಜನಪದರ ಜ್ಞಾನಕ್ಕೆ ಸಿಕ್ಕ ಗಮನ ಕಡಿಮೆ. ಕುಂಬಾರನ ಮಡಕೆಯನ್ನೂ ನೇಕಾರನ ಸೀರೆಯನ್ನೂ ಕಲಾಕೃತಿಗಳೆಂದು ಒಪ್ಪುವ ನಾವು, ಸಾಕಿದವರ ಆಯ್ಕೆಯಿಂದ ರೂಪುಗೊಂಡ ಹುಂಜದ ಗರಿಯನ್ನು ಪ್ರಕೃತಿಯ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಜಪಾನಿನ ತೋಸಾ ಪ್ರಾಂತದ ನೀಳಬಾಲದ ಕೋಳಿ ಈ ಎಣಿಕೆಯನ್ನು ಮರುಪರಿಶೀಲಿಸಲು ಒಂದು ಸಮರ್ಥ ನಿದರ್ಶನ. ಈ ತಳಿಯ ಇತಿಹಾಸವನ್ನು ಅದೇ ಕಾಲಘಟ್ಟದ ಇಂಗ್ಲೆಂಡಿನ ತಳಿ ಸಾಕಣೆಯೊಂದಿಗೆ ಹೋಲಿಸಿ, ಇಂತಹ ಜ್ಞಾನ ಎಲ್ಲಿ ನೆಲೆಸಿರುತ್ತದೆ, ಹೇಗೆ ಉಳಿಯುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಇಂದಿನ ಸಾಕುಕೋಳಿಗಳ ಮೂಲ ಏಷ್ಯಾದ ಕೆಂಪು ಕಾಡುಕೋಳಿ. ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಪ್ರಕಟಿಸಿದ ಸಾಕುಪ್ರಾಣಿಗಳ ವೈವಿಧ್ಯವನ್ನು ಕುರಿತ ಬೃಹತ್ ಗ್ರಂಥದಲ್ಲಿ ಈ ಅಭಿಪ್ರಾಯವನ್ನು ಪ್ರತಿಪಾದಿಸಿದನು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್‌ನ ಪತ್ರಗಳು ಅವನಿಗೆ ಈ ವಿಷಯದಲ್ಲಿ ನೆರವಾಗಿದ್ದವು. 2020ರಲ್ಲಿ 863 ಕೋಳಿಗಳ ಜೀನೋಮುಗಳನ್ನು ಹೋಲಿಸಿದ ಅಧ್ಯಯನವು ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿಯ ಒಂದು ಉಪಜಾತಿಯತ್ತ ಬೆರಳು ಮಾಡಿತು. ಭಾರತದ ಪಾಲೂ ಇದರಲ್ಲಿ ಇಲ್ಲದಿಲ್ಲ. ಅನೇಕ ಸಾಕುತಳಿಗಳ ಕಾಲಿನ ಹಳದಿ ಬಣ್ಣಕ್ಕೆ ಕಾರಣವಾದ ಜೀನು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದುದೆಂದು 2008ರ ಸಂಶೋಧನೆ ತೋರಿಸಿತು. ಪಶ್ಚಿಮಘಟ್ಟದ ಕಾಡಂಚಿನಲ್ಲಿ ಇಂದಿಗೂ ಕೂಗು ಕೇಳಿಸುವ ಕೋಳಿ ಇದೇ ಆಗಿದೆ.

ಕಾಡುಕೋಳಿಯ ಹುಂಜಕ್ಕೆ ಬಾಗಿದ ಬಾಲದ ಗರಿಗಳು ಸಹಜವಾಗಿಯೇ ಇವೆ. ಆದರೆ ಅವು ನಿಗದಿತ ಅಳತೆಗೆ ಬೆಳೆದು ನಿಲ್ಲುತ್ತವೆ, ವರ್ಷಕ್ಕೊಮ್ಮೆ ಉದುರಿ ಮತ್ತೆ ಹುಟ್ಟುತ್ತವೆ. ಗರಿ ಉದುರುವ ಈ ಕ್ರಮ ಪಕ್ಷಿಯ ಬದುಕಿಗೆ ಅಗತ್ಯ. ಸವೆದ ಗರಿ ಹೋಗಿ ಹೊಸತು ಬಾರದಿದ್ದರೆ ಕಾಡಿನಲ್ಲಿ ಅದು ಬಾಳದು. ತೋಸಾದ ಸಾಕಣೆಗಾರರು ತಿದ್ದಿದ್ದು ಈ ನಿಯಮವನ್ನೇ ಎಂಬುದು ಗಮನಾರ್ಹ.

ತೋಸಾ ಮತ್ತು ಗರಿಯ ಈಟಿ

ತೋಸಾ ಎಂಬುದು ಜಪಾನಿನ ಶಿಕೊಕು ದ್ವೀಪದ ದಕ್ಷಿಣ ಕರಾವಳಿಯ ಹಳೆಯ ಪ್ರಾಂತ. ಇಂದು ಅದು ಕೋಚಿ ಎಂಬ ಆಡಳಿತ ಪ್ರದೇಶ. ಕೇರಳದ ಕೊಚ್ಚಿಗೂ ಇದಕ್ಕೂ ಹೆಸರಿನ ಹೋಲಿಕೆಯ ಹೊರತು ಸಂಬಂಧವಿಲ್ಲ. ಇಲ್ಲಿನ ನೀಳಬಾಲದ ಕೋಳಿಗೆ ಜಪಾನೀ ಭಾಷೆಯಲ್ಲಿ ‘ಒನಗದೋರಿ’ ಎಂದು ಹೆಸರು. ‘ಒ’ ಎಂದರೆ ಬಾಲ, ‘ನಗ’ ಎಂದರೆ ನೀಳ, ‘ತೋರಿ’ ಎಂದರೆ ಪಕ್ಷಿ. ಈಗಿನ ನಾನ್ಕೊಕು ನಗರಕ್ಕೆ ಸೇರಿದ ಗ್ರಾಮಭಾಗವೇ ಇದರ ತವರು.

ಹದಿನೇಳನೆಯ ಶತಮಾನದ ನಡುಭಾಗದಲ್ಲಿ ತಾಕೆಚಿ ರಿಎಮೊನ್ ಎಂಬ ಗ್ರಾಮಸ್ಥ ಈ ತಳಿಯನ್ನು ರೂಪಿಸಿದನೆಂದು ಸ್ಥಳೀಯ ಪರಂಪರೆ ಹೇಳುತ್ತದೆ. ಇಂತಹ ಮೂಲಪುರುಷರ ಐತಿಹ್ಯಗಳು ಕುಶಲಕರ್ಮಿಗಳ ಸಮುದಾಯಗಳಲ್ಲೆಲ್ಲ ಕಂಡುಬರುತ್ತವೆ. ಅನೇಕರ ಅನೇಕ ತಲೆಮಾರುಗಳ ದುಡಿಮೆಯನ್ನು ಒಂದು ಹೆಸರಿನಡಿ ನೆನಪಿಡುವುದು ಮೌಖಿಕ ಪರಂಪರೆಯ ರೀತಿ. ಉದ್ದ ಬಾಲದ ಇತರ ಜಪಾನೀ ತಳಿಗಳಂತೆ ಒನಗದೋರಿಯೂ ‘ಶೋಕೊಕು’ ಎಂಬ ಹಳೆಯ ತಳಿಯ ಸಂತತಿಯೆಂದು ವಿದ್ವಾಂಸರು ಭಾವಿಸುತ್ತಾರೆ.

ಉದ್ದ ಗರಿ ಯಾರಿಗೆ ಬೇಕಾಗಿತ್ತು ಎಂಬ ಪ್ರಶ್ನೆಗೆ ಅಂದಿನ ರಾಜಕೀಯ ವ್ಯವಸ್ಥೆಯಲ್ಲಿ ಉತ್ತರ ದೊರೆಯುತ್ತದೆ. ತೊಕುಗಾವ ಶೋಗುನರ ಆಳ್ವಿಕೆಯಲ್ಲಿ ಪ್ರಾಂತೀಯ ಪ್ರಭುಗಳು ಸರದಿಯ ಮೇಲೆ ರಾಜಧಾನಿ ಎದೊಗೆ ಬಂದು ನೆಲೆಸಬೇಕೆಂಬ ನಿಯಮ 1635ರಲ್ಲಿ ಕಡ್ಡಾಯವಾಯಿತು. ಪ್ರಭುಗಳು ಪರಿವಾರ ಸಮೇತ ಹೊರಡುವ ಈ ಮೆರವಣಿಗೆಗಳು ಅಂತಸ್ತಿನ ಪ್ರದರ್ಶನಗಳೂ ಆಗಿದ್ದವು. ಮುಂದೆ ಹಿಡಿದು ಸಾಗುವ ಈಟಿಗಳ ತುದಿಯ ಅಲಂಕಾರವನ್ನು ನೋಡಿಯೇ ಯಾವ ಪ್ರಭುವಿನ ಮೆರವಣಿಗೆಯೆಂದು ಜನ ಗುರುತಿಸುತ್ತಿದ್ದರು. ತೋಸಾವನ್ನು ಆಳಿದ ಯಮಾಉಚಿ ಮನೆತನದ ಈಟಿಗಳಿಗೆ ಹುಂಜದ ನೀಳ ಗರಿಗಳನ್ನು ಕಟ್ಟುತ್ತಿದ್ದರೆಂದೂ, ಉತ್ತಮ ಗರಿ ಒಪ್ಪಿಸಿದ ರೈತರಿಗೆ ಪ್ರಭುವಿನ ಮನ್ನಣೆ ಇತ್ತೆಂದೂ ಪರಂಪರೆ ತಿಳಿಸುತ್ತದೆ. ಅರಮನೆಯ ಲಾಂಛನ ರೈತನ ಹಿತ್ತಲಿನಲ್ಲಿ ಬೆಳೆಯುತ್ತಿತ್ತು.

1868ರ ಮೆಯ್ಜಿ ಬದಲಾವಣೆಯೊಂದಿಗೆ ಶೋಗುನರ ಆಳ್ವಿಕೆ ಕೊನೆಗೊಂಡಿತು. 1871ರಲ್ಲಿ ಪ್ರಾಂತೀಯ ಪ್ರಭುತ್ವಗಳೂ ರದ್ದಾದವು. ಮೆರವಣಿಗೆ ನಿಂತ ಮೇಲೆ ಈಟಿಗೆ ಗರಿ ಬೇಕಿರಲಿಲ್ಲ. ಆಶ್ರಯ ತಪ್ಪಿದ ಕಲೆಗಳು ಸೊರಗುವುದು ಸಾಮಾನ್ಯ ಅನುಭವ. ಆದರೆ ತೋಸಾದ ಬಾಲ ಉದ್ದವಾಗುತ್ತಲೇ ಹೋಯಿತು. ಮೆರವಣಿಗೆಯ ಕಾಲದಲ್ಲಿ ಕೆಲವು ಮೀಟರುಗಳಷ್ಟಿದ್ದ ಗರಿ ಇಪ್ಪತ್ತನೆಯ ಶತಮಾನದಲ್ಲಿ 10 ಮೀಟರನ್ನೂ ಮೀರಿತು. ಪ್ರಭುವಿನ ಅಪೇಕ್ಷೆಯ ಜಾಗವನ್ನು ಸಾಕಣೆಗಾರರ ಪರಸ್ಪರ ಸ್ಪರ್ಧೆ ಮತ್ತು ಅಭಿಮಾನಗಳು ತುಂಬಿದ್ದವು.

ಕೈಗಳಲ್ಲಿರುವ ಜ್ಞಾನ

ಇಂತಹ ಬಾಲಕ್ಕೆ ಹಲವು ಗುಣಗಳು ಒಂದೇ ಹಕ್ಕಿಯಲ್ಲಿ ಕೂಡಬೇಕು. ಬಾಲದ ಗರಿಗಳು ವಾರ್ಷಿಕವಾಗಿ ಉದುರಬಾರದು, ಬೆಳವಣಿಗೆ ನಿಲ್ಲಬಾರದು, ವೇಗವಾಗಿ ಸಾಗಬೇಕು. ಉತ್ತಮ ಹುಂಜದ ಗರಿ ವರ್ಷಕ್ಕೆ ಸುಮಾರು 70ರಿಂದ 100 ಸೆಂಟಿಮೀಟರ್ ಬೆಳೆಯುತ್ತದೆ. ಆದ್ದರಿಂದ ಹತ್ತು ಮೀಟರಿನ ಬಾಲವೆಂದರೆ ಒಂದೇ ಹಕ್ಕಿಯನ್ನು ಒಂದು ದಶಕದ ಕಾಲ ಗರಿ ಮುರಿಯದಂತೆ ಕಾಪಾಡಿದ ದಾಖಲೆಯೇ ಆಗಿದೆ.

ಆಯ್ಕೆಯ ಕೆಲಸವೂ ಸುಲಭವಲ್ಲ. ನೀಳಬಾಲ ಹುಂಜದಲ್ಲಿ ಮಾತ್ರ ಕಾಣುತ್ತದೆ. ಹೇಂಟೆ ಆ ಗುಣವನ್ನು ಹೊತ್ತಿದ್ದರೂ ಹೊರಗೆ ತೋರುವುದಿಲ್ಲ. ಯಾವ ಹೇಂಟೆಯನ್ನು ಉಳಿಸಿಕೊಳ್ಳಬೇಕೆಂದು ತಿಳಿಯಲು ಅದರ ತಂದೆಯನ್ನು, ಸೋದರರನ್ನು, ಮುಂದೆ ಹುಟ್ಟುವ ಗಂಡುಮರಿಗಳನ್ನು ನೋಡಬೇಕು. ಗಂಡುಮರಿಯ ಗುಣವೂ ಹುಟ್ಟಿದ ವರ್ಷದಲ್ಲಿ ಖಚಿತವಾಗುವುದಿಲ್ಲ. ಗರಿ ಉದುರುವ ಕಾಲ ಬಂದು ಹೋದ ಮೇಲೆಯೇ ಅದು ತಿಳಿಯುತ್ತದೆ. ಹೀಗಾಗಿ ಕೋಳಿಗಳ ವಂಶಾವಳಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಸಾಕಣೆಗಾರನಿಗೆ ಅನಿವಾರ್ಯ. ನಮ್ಮ ಕುಲಹೇಳುವ ಹೆಳವರು ಒಕ್ಕಲುಮನೆಗಳ ತಲೆಮಾರುಗಳನ್ನು ನೆನಪಿನಿಂದ ಎಣಿಸುವ ಬಗೆಯನ್ನು ಇಲ್ಲಿ ಸ್ಮರಿಸಬಹುದು.

ಸಾಕುವ ವಿಧಾನವೂ ಅಷ್ಟೇ ವಿಶಿಷ್ಟ. ಹುಂಜವನ್ನು ‘ತೊಮೆಬಾಕೊ’ ಎಂಬ ಎತ್ತರದ, ಕಿರಿದಾದ ಮರದ ಪೆಟ್ಟಿಗೆಯಲ್ಲಿ ಇರಿಸುತ್ತಾರೆ. ಮೇಲ್ಭಾಗದ ಅಡ್ಡದಂಡದ ಮೇಲೆ ಹಕ್ಕಿ ಕುಳಿತರೆ ಬಾಲ ನೆಲದ ಕೊಳೆಗೆ ತಾಗದೆ ಇಳಿಬೀಳುತ್ತದೆ ಅಥವಾ ಸುರುಳಿಯಾಗಿ ಜೋಡಣೆಗೊಳ್ಳುತ್ತದೆ. ತಿರುಗಾಟಕ್ಕೆ ಹೊರಗೆ ಬಿಟ್ಟಾಗ ಸಾಕಣೆಗಾರ ಬಾಲವನ್ನು ಕೈಯಲ್ಲಿ ಎತ್ತಿ ಹಿಡಿದು ಅದರ ಹಿಂದೆ ನಡೆಯುತ್ತಾನೆ. ಬೆಳೆಯುತ್ತಿರುವ ಗರಿಯ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ. ಅಲ್ಲಿ ಪೆಟ್ಟಾದರೆ ವರ್ಷಗಳ ಶ್ರಮ ಒಂದು ಕ್ಷಣದಲ್ಲಿ ವ್ಯರ್ಥ.

ಈ ಸಾಕಣೆಯ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಕೆದಕುವುದು, ಓಡುವುದು, ಮಣ್ಣಿನಲ್ಲಿ ಹೊರಳುವುದು ಕೋಳಿಯ ಸಹಜ ಸ್ವಭಾವ. ಪೆಟ್ಟಿಗೆಯ ಹುಂಜಕ್ಕೆ ಇವು ಬಹುಮಟ್ಟಿಗೆ ನಿಷಿದ್ಧ. ಮನುಷ್ಯನ ಸೌಂದರ್ಯದೃಷ್ಟಿಯ ಬೆಲೆಯನ್ನು ಹಕ್ಕಿಯೇ ತೆರುತ್ತದೆ. ಸಾಕಣೆಗಾರನ ಅಸಾಧಾರಣ ಆರೈಕೆ ಹಾಗೂ ಹಕ್ಕಿಯ ಬಂಧನ ಇವೆರಡೂ ಒಂದೇ ಪದ್ಧತಿಯ ಅಂಗಗಳು. ಒಂದನ್ನು ಹೊಗಳಿ ಇನ್ನೊಂದನ್ನು ಮುಚ್ಚಿಡುವುದು ಸಂಶೋಧನೆಗೆ ಸಲ್ಲದು.

ಕಾಗದದ ಮೇಲಿನ ಕೋಳಿ

ತೋಸಾದ ಮಾರ್ಗಕ್ಕೆ ಎದುರಾಗಿ ಇಂಗ್ಲೆಂಡಿನ ಮಾರ್ಗವನ್ನು ಇರಿಸಬಹುದು. ಪಾರ್ಲಿಮೆಂಟಿನ ಸದಸ್ಯನಾಗಿದ್ದ ಸರ್ ಜಾನ್ ಸೆಬ್ರೈಟ್ (1767-1846) ಪುಟ್ಟ ಗಾತ್ರದ ಕೋಳಿಯೊಂದನ್ನು ರೂಪಿಸಿದನು. ಅದರ ಚಿನ್ನದ ಅಥವಾ ಬೆಳ್ಳಿಯ ಬಣ್ಣದ ಪ್ರತಿಯೊಂದು ಗರಿಗೂ ಸುತ್ತ ಕಪ್ಪು ಅಂಚು. ಸೀರೆಗೆ ಅಂಚು ನೇಯ್ದಂತೆ. ಈ ತಳಿಯ ಹುಂಜಕ್ಕೆ ಹುಂಜದ ಬಾಲವೇ ಇಲ್ಲ; ಅದರ ಗರಿವಿನ್ಯಾಸ ಹೇಂಟೆಯಂತೆಯೇ. ತೋಸಾದವರು ಹುಂಜದ ಗರಿಯನ್ನು ಹಿಗ್ಗಿಸಿದರೆ ಸೆಬ್ರೈಟ್ ಅದನ್ನು ಅಳಿಸಿದನು. ಅವನು 1809ರಲ್ಲಿ ಪ್ರಕಟಿಸಿದ ತಳಿ ಸುಧಾರಣೆಯ ಕಿರುಹೊತ್ತಗೆಯನ್ನು ಡಾರ್ವಿನ್ ಓದಿದ್ದನು.

ಇಂಗ್ಲೆಂಡಿನಲ್ಲಿ 1835 ಮತ್ತು 1849ರ ಕಾಯಿದೆಗಳು ಕೋಳಿ ಅಂಕವನ್ನು ನಿಷೇಧಿಸಿದವು. 1845ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಗಳ ಪ್ರದರ್ಶನ ನಡೆಯಿತು. ಕಾಳಗದ ಕಣದಿಂದ ಪ್ರದರ್ಶನದ ಪಂಜರಕ್ಕೆ ಜನರ ಆಸಕ್ತಿ ಹೊರಳಿತು. ಚೀನಾದಿಂದ ಬಂದ ದೊಡ್ಡ ಕೋಳಿಗಳು ಈ ಹುಚ್ಚನ್ನು ಹೆಚ್ಚಿಸಿದವು. ಅವುಗಳಿಗೆ ಇಟ್ಟ ‘ಕೊಚಿನ್’, ‘ಬ್ರಹ್ಮಾ’ ಎಂಬ ಹೆಸರುಗಳು ಭಾರತವನ್ನು ನೆನಪಿಸುತ್ತವೆ. ಬ್ರಹ್ಮಪುತ್ರಾ ನದಿಯ ಹೆಸರು ಹೊತ್ತ ಈ ತಳಿ ಬೆಳೆದದ್ದು ಅಮೆರಿಕದಲ್ಲಿ, ಶಾಂಘೈ ಬಂದರಿನಿಂದ ಹೋದ ಕೋಳಿಗಳಿಂದ. ವ್ಯಾಪಾರಿಗೆ ದೂರದ ಹೆಸರೇ ಸರಕಾಗಿತ್ತು.

1865ರಲ್ಲಿ ಬ್ರಿಟನ್ನಿನಲ್ಲೂ 1874ರಲ್ಲಿ ಅಮೆರಿಕದಲ್ಲೂ ತಳಿಗಳ ಲಿಖಿತ ಮಾನದಂಡ ಗ್ರಂಥಗಳು ಹೊರಬಂದವು. ಯಾವ ಗರಿ ಯಾವ ಬಣ್ಣದಲ್ಲಿರಬೇಕು, ಯಾವ ದೋಷಕ್ಕೆ ಎಷ್ಟು ಅಂಕ ಕಳೆಯಬೇಕು ಎಂಬುದು ಅಲ್ಲಿ ನಿಗದಿಯಾಯಿತು. ಇದರಿಂದ ಜ್ಞಾನ ಸಾಕಣೆಗಾರನ ಕಣ್ಣಿನಿಂದ ಪುಸ್ತಕಕ್ಕೆ ವರ್ಗವಾಯಿತು. ವಿಜ್ಞಾನಕ್ಕೂ ಇದರಿಂದ ಲಾಭವಾಯಿತು. ಮೆಂಡಲನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಂದು ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಇಂತಹ ತಳಿಗಳ ಜುಟ್ಟಿನ ಆಕಾರಗಳನ್ನು ಪರೀಕ್ಷಿಸಿಯೇ. ಥಾಮಸ್ ಹಂಟ್ ಮಾರ್ಗನ್ 1919ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸೆಬ್ರೈಟ್ ಹುಂಜಗಳ ವೃಷಣಗಳನ್ನು ತೆಗೆದಾಗ ಅವುಗಳಲ್ಲಿ ಹುಂಜದ ಗರಿಗಳು ಮೂಡಿದವು. ಈ ತಳಿಯ ದೇಹದಲ್ಲಿ ಪುರುಷ ಹಾರ್ಮೋನು ಸ್ತ್ರೀ ಹಾರ್ಮೋನಾಗಿ ಹೆಚ್ಚಿನ ಪ್ರಮಾಣದಲ್ಲಿ ಮಾರ್ಪಡುತ್ತದೆ ಎಂಬ ಕಾರಣ ಮುಂದೆ ಸ್ಪಷ್ಟವಾಯಿತು.

ರಕ್ತ ಹೋಯಿತು, ಬಾಲ ಹೋಗಲಿಲ್ಲ

ಈ ಎರಡು ಮಾರ್ಗಗಳು ಪರಸ್ಪರ ಎದುರಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಜಪಾನಿನ ಬಂದರುಗಳು ತೆರೆದ ಮೇಲೆ ಉದ್ದ ಬಾಲದ ಕೋಳಿಗಳು ಯುರೋಪನ್ನು ಸೇರಿದವು. ಹಡಗು ಹೊರಟ ಬಂದರಿನ ಹೆಸರಿನಿಂದ ಒಂದು ತಳಿ ‘ಯೊಕೊಹಾಮ’ ಎನಿಸಿಕೊಂಡಿತು. ಜರ್ಮನಿಯ ಹ್ಯೂಗೊ ದು ರೋಯ್ ಇಂತಹ ಕೋಳಿಗಳಿಂದ ಬೆಳೆಸಿದ ತಳಿಗೆ ‘ಫೀನಿಕ್ಸ್’ ಎಂಬ ಪುರಾಣಪಕ್ಷಿಯ ಹೆಸರು ಬಂತು. ಸೂಕ್ಷ್ಮ ಪ್ರಕೃತಿಯ ಈ ಕೋಳಿಗಳನ್ನು ಗಟ್ಟಿಗೊಳಿಸಲು ಬೇರೆ ತಳಿಗಳೊಂದಿಗೆ ಬೆರೆಸಲಾಯಿತು.

ಫೀನಿಕ್ಸ್ ಸುಂದರ ಹಕ್ಕಿಯಾಗಿ ಇಂದಿಗೂ ಪ್ರದರ್ಶನಗಳಲ್ಲಿ ಕಾಣಿಸುತ್ತದೆ. ಆದರೆ ಅದರ ಬಾಲ ಸಾಮಾನ್ಯವಾಗಿ ಒಂದೂವರೆ ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಗರಿಗಳು ಉದುರುತ್ತವೆ. ಬೆರಕೆಯಿಂದ ಗರಿ ಉದುರದಿರುವ ಗುಣ ಸಡಿಲಗೊಂಡದ್ದು ಇದಕ್ಕೆ ಒಂದು ಕಾರಣ. ವಂಶಾವಳಿಯ ನೆನಪು, ಪೆಟ್ಟಿಗೆಯ ವ್ಯವಸ್ಥೆ, ಹತ್ತು ವರ್ಷಗಳ ತಾಳ್ಮೆ ಇವು ಕೋಳಿಯೊಂದಿಗೆ ಹಡಗು ಹತ್ತದಿದ್ದುದು ಇನ್ನೊಂದು ಕಾರಣ. ಮಾನದಂಡ ಗ್ರಂಥವು ಬಾಲ ಹೇಗಿರಬೇಕೆಂದು ಹೇಳಬಲ್ಲದು; ಅದನ್ನು ಎತ್ತಿ ಹಿಡಿದು ಹಿಂದೆ ನಡೆಯಲಾರದು.

ಸಂರಕ್ಷಣೆಯ ಪ್ರಶ್ನೆ

ಜಪಾನ್ ಸರ್ಕಾರವು ಒನಗದೋರಿಯನ್ನು 1923ರಲ್ಲಿ ‘ನೈಸರ್ಗಿಕ ಸ್ಮಾರಕ’ವೆಂದು ಘೋಷಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನುಷ್ಯರಿಗೇ ಧಾನ್ಯವಿಲ್ಲದಾಗ ಈ ಕೋಳಿಗಳ ಸಂಖ್ಯೆ ತೀರ ಇಳಿಯಿತು. ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಗಾಗಿ 1950ರಲ್ಲಿ ಬಂದ ಕಾಯಿದೆಯ ಅಡಿಯಲ್ಲಿ 1952ರಲ್ಲಿ ಇದು ‘ವಿಶೇಷ ನೈಸರ್ಗಿಕ ಸ್ಮಾರಕ’ ಎಂಬ ಉನ್ನತ ಸ್ಥಾನ ಪಡೆಯಿತು. ಕೋಳಿ ತಳಿಗಳಲ್ಲಿ ಆ ಸ್ಥಾನ ಪಡೆದುದು ಇದೊಂದೇ.

ಈ ಬಿರುದಿನಲ್ಲಿಯೇ ಒಂದು ವೈರುಧ್ಯ ಅಡಗಿದೆ. ಮನುಷ್ಯರು ಮೂರು ಶತಮಾನ ಕೂಡಿ ಮಾಡಿದ ಹಕ್ಕಿಯನ್ನು ಕಾಯಿದೆ ‘ನೈಸರ್ಗಿಕ’ ಎಂದು ಕರೆಯಿತು. ಕಾಡಿನ ಮೃಗವನ್ನು ಬೇಟೆ ನಿಷೇಧಿಸಿ, ಕಾಡನ್ನು ಕಾದು ಉಳಿಸಬಹುದು. ಈ ಹಕ್ಕಿಗೆ ಅಂತಹ ಕಾಡಿಲ್ಲ. ಸಾಕಣೆಗಾರನ ಮನೆಯೇ ಅದರ ಆವಾಸ. ಸಾಕುವವರು ವೃದ್ಧರಾಗಿ, ದಿನನಿತ್ಯದ ಈ ಆರೈಕೆಗೆ ಎಳೆಯರು ಮುಂದೆ ಬಾರದಿದ್ದರೆ ಕಾಯಿದೆಯ ಪುಟದಲ್ಲಿ ಹೆಸರು ಉಳಿದು ಬಾಲ ಅಳಿಯಬಹುದು. ಮೊಟ್ಟೆಯನ್ನೋ ಜೀವಕೋಶವನ್ನೋ ಶೀತಲದಲ್ಲಿ ಕಾಪಿಡುವ ತಂತ್ರವೂ ರಕ್ತವನ್ನಷ್ಟೇ ಉಳಿಸೀತು. ರಕ್ತ ಮಾತ್ರ ಸಾಲದೆಂಬುದನ್ನು ಫೀನಿಕ್ಸ್ ತಳಿ ಆಗಲೇ ತೋರಿಸಿಕೊಟ್ಟಿದೆ.

ಒಟ್ಟಿನಲ್ಲಿ, ದೇಶಿ ತಳಿಗಳ ಸಂರಕ್ಷಣೆಯ ಮಾತು ಎಲ್ಲೆಡೆ ಕೇಳಿಬರುತ್ತಿರುವಾಗ ತೋಸಾದ ನಿದರ್ಶನ ಜಾನಪದ ಅಧ್ಯಯನಕ್ಕೆ ಒಂದು ಹೊಣೆಯನ್ನು ಸೂಚಿಸುತ್ತದೆ. ತಳಿಯ ತೂಕ, ಬಣ್ಣ, ಮೊಟ್ಟೆಗಳ ಲೆಕ್ಕವನ್ನು ಪಶುವಿಜ್ಞಾನಿಗಳು ದಾಖಲಿಸುತ್ತಾರೆ. ಸಾಕುವವರು ಮರಿಯನ್ನು ಆಯುವಾಗ ಏನನ್ನು ನೋಡುತ್ತಾರೆ, ಯಾವುದನ್ನು ಬಿಡುತ್ತಾರೆ, ಗುಣಗಳಿಗೆ ಯಾವ ಹೆಸರಿಡುತ್ತಾರೆ, ತಾಯಿ-ಮಗಳ ಸಾಲನ್ನು ಹೇಗೆ ನೆನಪಿಡುತ್ತಾರೆ ಎಂಬುದನ್ನು ದಾಖಲಿಸಬೇಕಾದವರು ಜಾನಪದ ಸಂಶೋಧಕರು. ಆ ಮಾತುಗಳನ್ನು ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.